ಮ್ಯಾಟು, ಮೊಳೆ, ಹುಬ್ಬಳ್ಳಿ ಗಾಡಿ

ಬೆಳಗಿನ ಐದೂಮುಕ್ಕಾಲು. ಇಬ್ರಾಹಿಂಪುರದ ರೈಲ್ವೆ ಗೇಟಿನಿಂದ ಸ್ವಲ್ಪ ಈಚೆಗೆ ಒಂದು ಬಯಲು. ಅಲ್ಲಿ ಐದು ಹುಡುಗರು ಮ್ಯಾಟ್ ಹಾಸುತ್ತಿದ್ದರು. ತೆಂಗಿನ ನಾರಿನ ಹಳೇ ಮ್ಯಾಟು, ಅಂಚು ಬಿಚ್ಚಿಕೊಂಡದ್ದು, ನಡುವೆ ಎರಡು ಕಡೆ ಗೋಣಿಚೀಲದ ತೇಪೆ. ಎರಡೂ ತುದಿಗೆ ಇಬ್ಬಿಬ್ಬರು ಹಿಂದಕ್ಕೆ ವಾಲಿ ಜಗ್ಗುತ್ತಿದ್ದರು. ಐದನೆಯವನ ಕೈಯಲ್ಲಿ ಸುತ್ತಿಗೆ, ಪಕ್ಕದಲ್ಲಿ ಡಾಲ್ಡಾ ಡಬ್ಬಿ, ಡಬ್ಬಿಯ ತುಂಬ ಗೇಣುದ್ದದ ಮೊಳೆ.

"ಜಗ್ರಲೇ, ಇನ್ನೂ ಜಗ್ರಿ. ಸಳ ಬಿದ್ದೈತಿ ನೋಡ್ರಿ ಅಲ್ಲಿ."

ಸಳ ಅಂದರೆ ಮಡಿಕೆ. ಮ್ಯಾಟಿನಲ್ಲಿ ಒಂದು ಬೆರಳಗಲ ಸಳ ಉಳಿದರೂ ಚೆಂಡು ಅಲ್ಲಿ ಬಿದ್ದು ಸೀದಾ ಮುಖಕ್ಕೆ ಏಳುತ್ತದೆ. ಇದನ್ನು ನನಗೆ ವಿವರಿಸಿದವನ ಹುಬ್ಬಿನ ಮೇಲೆ ಅಂಥದ್ದೇ ಒಂದು ಸಳದ ಗುರುತಿತ್ತು, ಮೂರು ಹೊಲಿಗೆ. ಅರ್ಧ ತಾಸು ಜಗ್ಗಿ, ಬಡಿದು, ಮತ್ತೆ ಕಿತ್ತು, ಮತ್ತೆ ಬಡಿದ ಮೇಲೆ ಆಟ ಶುರು. ಎಂಟೂವರೆಗೆ ಬಿಸಿಲು ನೆತ್ತಿ ಸುಡತೊಡಗುತ್ತದೆ, ಮ್ಯಾಟ್ ಸುತ್ತಿಡಬೇಕು. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಹುಡುಗರಿಗೆ ಸಿಗುವ ಕ್ರಿಕೆಟ್ ಇಷ್ಟೇ, ಎರಡು ತಾಸು ಚಿಲ್ಲರೆ.

ಆ ಐವರಲ್ಲಿ ಒಬ್ಬ ನನ್ನ ತಂಗಿಯ ಮಗ. ಹದಿನಾಲ್ಕು ವರ್ಷ. ಹುಬ್ಬಳ್ಳಿಯಲ್ಲಿ ನಡೆಯುವ ಹತ್ತು ದಿನದ ಪ್ರತಿಭಾ ಶಿಬಿರಕ್ಕೆ ಆಯ್ಕೆಯಾಗಿದ್ದಾನೆಂದು ಮೊಬೈಲಿಗೆ ಸಂದೇಶ ಬಂದಿತ್ತು. ಅವನಪ್ಪ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುವವ. ಟಿಕೋಟಾ, ಬಬಲೇಶ್ವರದ ಕಡೆಯ ಶೆಡ್ಡುಗಳಿಂದ ಮಾಲು ಬಂದು ಬೀಳುವ ಕಾಲದಲ್ಲಿ ಅವನಿಗೆ ರಜೆ ಯಾರು ಕೊಡುತ್ತಾರೆ? ಹಾಗಾಗಿ ಧಾರವಾಡದಲ್ಲಿದ್ದ ನನಗೆ ಕರೆ ಬಂತು. "ಅಣ್ಣಾ, ನೀ ಒಮ್ಮಿ ಬಂದು ಕರ್ಕೊಂಡು ಹೋಗಿ ಮುಟ್ಟಿಸ್ಬಿಡು" ಎಂದಳು ತಂಗಿ. ಧಾರವಾಡದವನು ವಿಜಯಪುರಕ್ಕೆ ಹೋಗಿ ಹುಡುಗನನ್ನು ಕರೆದುಕೊಂಡು ಹುಬ್ಬಳ್ಳಿಗೆ ಬರುವುದು, ಅಂದರೆ ನನ್ನ ಮನೆಯ ಮಗ್ಗುಲಿಗೇ! ನಕ್ಕು ಒಪ್ಪಿಕೊಂಡೆ.

ವಿಜಯಪುರದ್ದು ಮೊದಲಿನಿಂದಲೂ ಇದೇ ಪಾಡು. ಕಂದಾಯಕ್ಕೆ ಬೆಳಗಾವಿ ವಿಭಾಗ, ಹೈಕೋರ್ಟಿಗೆ ಕಲಬುರಗಿ ಪೀಠ, ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆಯದು, ಆದರೆ 371(ಜೆ) ಸವಲತ್ತಿನ ಪಟ್ಟಿಯಲ್ಲಿ ಹೆಸರಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆಯ ನಕ್ಷೆಯಲ್ಲಿ ಅದು ರಾಯಚೂರು ವಲಯ. ಯಾವುದೇ ಕೆಲಸಕ್ಕೂ ಇಲ್ಲಿಯವರು ಒಂದು ದಿಕ್ಕಿಗೆ ಹೊರಟು ನಿಲ್ಲಬೇಕು, ದಿಕ್ಕು ಮಾತ್ರ ಪ್ರತಿಸಲ ಬೇರೆ. ಕ್ರಿಕೆಟ್ಟಿನಲ್ಲಿ ಇನ್ನೊಂದು ತಮಾಷೆಯೂ ಆಯಿತು. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬಿಜಾಪುರ ಬುಲ್ಸ್ ಎಂಬ ತಂಡವಿತ್ತು. 2015ರಲ್ಲಿ, 2018ರಲ್ಲಿ, ಎರಡು ಸಲ ಚಾಂಪಿಯನ್. ಪಂದ್ಯಗಳೆಲ್ಲ ಹುಬ್ಬಳ್ಳಿ, ಮೈಸೂರು, ಬೆಂಗಳೂರಿನಲ್ಲಿ. ಊರಿನ ಹೆಸರು ಊರೂರು ಸುತ್ತಿ ಕಪ್ಪು ಗೆದ್ದಿತು, ಊರಿನ ಹುಡುಗರು ಟೀವಿಯಲ್ಲಿ ನೋಡಿದರು.

ಆ ಬಯಲಿಗೆ ಆರು ಗಂಟೆಗೆ ಒಂದು ಬೈಕ್ ಬಂತು. ಹಿಂದಿನ ಸೀಟಿನಿಂದ ಎರಡು ಜಡೆಯ ಹುಡುಗಿ ಇಳಿದಳು. ಟಿಕೋಟಾದವಳು. ಅಥಣಿ ರಸ್ತೆಯಲ್ಲಿ ತೊರವಿಯ ಮಹಿಳಾ ವಿಶ್ವವಿದ್ಯಾಲಯ ದಾಟಿ ಇಪ್ಪತ್ತು ಕಿಲೋಮೀಟರು, ಅಪ್ಪನ ಬೈಕಿನಲ್ಲಿ ಬೆಳಗಿನ ಕತ್ತಲಲ್ಲೇ ಹೊರಟು ಬಂದಿದ್ದಳು. ಎಡಗೈ ಸ್ಪಿನ್ನರ್. ಎಡಗೈ ಏಕೆ ಎಂದು ನಾನು ಕೇಳಲಿಲ್ಲ. ಅವಳ ಅಪ್ಪನೇ ಹೇಳಿದ, "ಊಟಕ್ಕ ಬಲಗೈನ ರೀ, ಬಾಲಿಗಿ ಅಷ್ಟ ಎಡಗೈ. ರಾಜೇಶ್ವರಿ ಅಕ್ಕನ್ನ ನೋಡಿ ನೋಡಿ."

ರಾಜೇಶ್ವರಿ ಗಾಯಕವಾಡ ಈ ಊರಿನ ಮಗಳು. 2014ರ ಜನವರಿಯಲ್ಲಿ ಭಾರತಕ್ಕೆ ಆಡಿದಳು. ಆದರೆ ಊರಿಗೆ ಊರೇ ಅವಳ ಹೆಸರು ಹೇಳತೊಡಗಿದ್ದು 2017ರ ಜುಲೈ 15ರ ನಂತರ. ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ವಿಶ್ವಕಪ್ ಪಂದ್ಯ, ಗೆದ್ದವರಿಗೆ ಸೆಮಿಫೈನಲ್. ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತಿದ್ದ ಹುಡುಗಿಯನ್ನು ಅಂದು ಇಳಿಸಿದರು. ಮಿಥಾಲಿ ರಾಜ್ ಶತಕ, ಕಡೂರಿನ ವೇದಾ ಕೃಷ್ಣಮೂರ್ತಿಯ 45 ಎಸೆತಗಳ 70, ಭಾರತ 265. ಆಮೇಲೆ ರಾಜೇಶ್ವರಿ ಏಳೂವರೆ ಓವರಿನಲ್ಲಿ 15 ರನ್ ಕೊಟ್ಟು ಐದು ವಿಕೆಟ್ ಎತ್ತಿದಳು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಲಾರ್ಡ್ಸ್ ಫೈನಲ್ಲಿನಲ್ಲಿ ಭಾರತ ಒಂಬತ್ತು ರನ್ನಿಂದ ಸೋತಿತು, ಆ ಮಾತು ಬೇರೆ. ಊರಿನವರು ಹೆಚ್ಚು ನೆನೆಯುವುದು ಅನಂತರದ ಒಂದು ಸಂಗತಿಯನ್ನು. ಆಗ ಜಲಸಂಪನ್ಮೂಲ ಸಚಿವರಾಗಿದ್ದ, ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು ಆಕೆಗೆ ಕಾರು ಕೊಡುವುದಾಗಿ ಘೋಷಿಸಿದರು. ಆಕೆ ಕಾರು ಬೇಡ, ಮನೆ ಕೊಡಿ ಎಂದಳು. ವಿಶ್ವಕಪ್ ಫೈನಲ್ ಆಡಿ ಬಂದವಳು ಮನೆಯವರಿಗಾಗಿ ಒಂದು ಸೂರು ಕೇಳಿದಳಲ್ಲ, ಟಿಕೋಟಾದ ಆ ಅಪ್ಪನಿಗೆ ಐದು ವಿಕೆಟ್ಟಿಗಿಂತ ಆ ಮಾತೇ ದೊಡ್ಡದಾಗಿ ಕಂಡಿತ್ತು. "ಕಾರಿಗಿ ಎಣ್ಣಿ ಹಾಕೂದು ಯಾರ್ರೀ?" ಎಂದ.

ಆ ಹುಡುಗಿಯ ಬೆರಳನ್ನು ಹತ್ತಿರದಿಂದ ನೋಡಿದೆ. ತೋರುಬೆರಳಿನ ಒಳಮಗ್ಗುಲಲ್ಲಿ, ಚೆಂಡಿನ ಹೊಲಿಗೆ ಉಜ್ಜುವ ಕಡೆ, ಚರ್ಮ ಗಟ್ಟಿಯಾಗಿ ಹುಣಸೆಬೀಜದಂತೆ ಹೊಳೆಯುತ್ತಿತ್ತು. ಹೆಂಗಸರ ಕ್ರಿಕೆಟ್ ಚೆಂಡು 140ರಿಂದ 151 ಗ್ರಾಂ, ಗಂಡಸರದು 156ರಿಂದ 163. ಇಲ್ಲಿ ಹುಡುಗರ ನಡುವೆ ಅವಳೊಬ್ಬಳೇ, ಇರುವುದು ಒಂದೇ ಚೆಂಡು. ಹೋದ ವರ್ಷ ಹುಡುಗಿಯರ ಶಿಬಿರವೊಂದಕ್ಕೆ ಹೋದಾಗ ಮೊದಲ ಸಲ ಹಗುರ ಚೆಂಡು ಕೈಗೆ ಬಂತಂತೆ. ಮೊದಲ ಆರು ಎಸೆತಗಳಲ್ಲಿ ಮೂರು ಬ್ಯಾಟ್ ಮಾಡುವವಳ ತಲೆಯ ಮೇಲೆ ಹೋದವು. "ಸರ್ ಬರ್ಕೊಂಡ್ರು ರೀ, ಕಂಟ್ರೋಲ್ ಇಲ್ಲಂತ" ಎಂದು ನಕ್ಕಳು. ಹತ್ತು ಗ್ರಾಂ ವ್ಯತ್ಯಾಸವನ್ನು ಬರೆದುಕೊಳ್ಳಲು ಆ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಮರುದಿನ ಹುಬ್ಬಳ್ಳಿ ಗಾಡಿ ಹಿಡಿದೆವು. ತಂಗಿ ಕಟ್ಟಿಕೊಟ್ಟ ಬುತ್ತಿಯಲ್ಲಿ ಮೂವತ್ತು ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಡಬ್ಬಿ ಉಂಡಿ. ಶಿಬಿರದವರು ಕಳಿಸಿದ ಆಹಾರದ ಪಟ್ಟಿಯಲ್ಲಿ ಇವು ಯಾವುವೂ ಇರಲಿಲ್ಲ. ಕಿಟ್ ಬ್ಯಾಗ್ ಹುಡುಗನಿಗಿಂತ ಎತ್ತರ, ಯಾರೋ ಕೊಟ್ಟ ಹಳೆಯದು, ಅದರ ಮೇಲೆ ಇನ್ನಾರದೋ ಹೆಸರಿನ ಅರ್ಧ ಅಕ್ಷರಗಳು. ಗಾಡಿ ವಿಜಯಪುರ ಬಿಟ್ಟು ಇಬ್ರಾಹಿಂಪುರ ಹಾಯುವಾಗ ಹುಡುಗ ಬಾಗಿಲಿಗೆ ಹೋಗಿ ನಿಂತ. ಗೇಟಿನ ಹತ್ತಿರ ಅವನವ್ವ ನಿಂತಿದ್ದಳು, ಸೆರಗು ತಲೆಯ ಮೇಲೆ. ಕೈ ಬೀಸಿದಳೋ ಬಿಸಿಲಿಗೆ ಹಣೆಗೆ ಹಿಡಿದಳೋ ಗೊತ್ತಾಗುವಷ್ಟರಲ್ಲಿ ಗಾಡಿ ದಾಟಿತು. ಹುಡುಗ ಬಂದು ಕೂತು ಜುಮನಾಳ ಬರುವವರೆಗೆ ಮಾತಾಡಲಿಲ್ಲ.

ಈ ದಾರಿ ನನಗೆ ಮೀಟರ್‌ಗೇಜ್ ಕಾಲದಿಂದ ಗೊತ್ತು. ಮುಳವಾಡದ ಎರೆ ಹೊಲಗಳು ಬೇಸಿಗೆಯಲ್ಲಿ ಬಾಯಿ ಬಿಟ್ಟುಕೊಂಡು ಮಲಗಿರುತ್ತವೆ. ಬಿರುಕಿನೊಳಗೆ ಮೊಳಕೈ ತನಕ ಕೈ ಹೋಗುತ್ತದೆ. ಆಲಮಟ್ಟಿಯಲ್ಲಿ ಕೃಷ್ಣೆಯ ಮೇಲೆ ಗಾಡಿ ನಿಧಾನವಾದಾಗ ಎಲ್ಲರೂ ಕಿಟಕಿಗೆ ಬಂದರು, ನನ್ನ ಅಳಿಯನೊಬ್ಬನನ್ನು ಬಿಟ್ಟು. ಅವನು ಬ್ಯಾಗಿನಿಂದ ಬೂಟು ತೆಗೆದು ನೋಡುತ್ತಿದ್ದ. ಸ್ಪೈಕ್ಸ್. ಮ್ಯಾಟಿನ ಮೇಲೆ ಮೊಳೆ ಬೂಟು ಹಾಕುವಂತಿಲ್ಲ, ನಾರು ಹರಿದುಹೋಗುತ್ತದೆ. ಹಾಗಾಗಿ ಈ ಹುಡುಗರೆಲ್ಲ ರಬ್ಬರ್ ಅಟ್ಟೆಯ ಬೂಟಿನಲ್ಲಿ ಬೆಳೆದವರು. ಶಿಬಿರದಲ್ಲಿ ಹುಲ್ಲಿನ ಅಂಕಣ, ಸ್ಪೈಕ್ಸ್ ಕಡ್ಡಾಯ. ಗೆಳೆಯನ ಅಣ್ಣನಿಂದ ಕಡ ತಂದಿದ್ದ, ಒಂದು ನಂಬರ್ ದೊಡ್ಡದು. ಎರಡು ಜೊತೆ ಕಾಲುಚೀಲ, ಮುಂದೆ ಒಂದು ಮುದ್ದೆ ಪೇಪರು. ಬದಾಮಿ ದಾಟುವ ತನಕ ಹಾಕುವುದು, ಬಿಚ್ಚುವುದು, ಪೇಪರ್ ಸರಿಮಾಡುವುದು.

ಗದಗಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಮಿರ್ಚಿ ತಿನ್ನುತ್ತ ಅವನಿಗೆ ಸುನೀಲ ಜೋಶಿಯ ಕಥೆ ಹೇಳಿದೆ. ಗದಗಿನ ಹುಡುಗ, ಇವನಷ್ಟೇ ಇದ್ದಾಗ ನಸುಕಿನಲ್ಲಿ ಎದ್ದು ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮಾಡಿ, ಸಾಲೆಯ ಹೊತ್ತಿಗೆ ಮತ್ತೆ ಗದಗಿಗೆ ಬಂದು ಕೂರುತ್ತಿದ್ದ. ಮುಂದೆ 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್. ಹುಡುಗ ಮಿರ್ಚಿ ಅಗಿಯುವುದನ್ನು ನಿಲ್ಲಿಸಿ ಕೇಳಿದ:

"ದಿನಾ ಹೋಗಿ ಬಂದು ಮಾಡಾಕ ರೊಕ್ಕ ಯಾರ್ ಕೊಡ್ತಿದ್ರು ಮಾಮಾ?"

ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಆ ಕಥೆ ಹೇಳಿದ್ದರೂ ಕೇಳಿಕೊಂಡಿರಲಿಲ್ಲ. ನಮಗೆ ನಸುಕು, ಚಳಿ, ಹಟ ಇಷ್ಟೇ ಕಾಣುತ್ತದೆ. ಟಿಕೇಟಿನ ಹಣ ಕಾಣುವುದಿಲ್ಲ. ಇವನಪ್ಪ ಹತ್ತು ದಿನದ ಶಿಬಿರದ ಶುಲ್ಕ ಎರಡು ಕಂತಿನಲ್ಲಿ ಕಟ್ಟಿದ್ದ, ಅದನ್ನು ಹುಡುಗ ಬಲ್ಲ.

ಶಿಬಿರ ನಡೆಸುವವರ ಹೆಸರು ಇಲ್ಲಿ ಬೇಡ, ಅಂಥವರು ಈಗ ಬಹಳ ಜನ. ಮೈದಾನ ಚೆನ್ನಾಗಿತ್ತು. ಬೆಳಗಾವಿ, ಕಾರವಾರ, ಹಾವೇರಿ, ಬಾಗಲಕೋಟೆಯ ಹುಡುಗರು ನಲವತ್ತು ಜನ ಬಂದಿದ್ದರು. ನನ್ನ ಅಳಿಯ ಕಿಟ್ ಬ್ಯಾಗ್ ಇಳಿಸಿದವನೇ ಹೋಗಿ ಅಂಕಣದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಒಂದು ಚೂರು ಮಣ್ಣು ಚಿವುಟಿ, ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದ.

"ಮಾಮಾ, ಇದು ನಮ್ ಎರಿ ಮಣ್ಣ ಐತಲ್ಲ!"

ಅಂಕಣ ನೋಡಿಕೊಳ್ಳುವ ಮುದುಕರು ಅಲ್ಲೇ ಪೈಪ್ ಹಿಡಿದು ನಿಂತಿದ್ದರು. ಹೌದಪ್ಪ, ಎರೆಯೇ, ಮತ್ತೇನು ಅಂದುಕೊಂಡಿ ಎಂದರು. ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುವುದಾದರೆ, ಅಂಕಣಕ್ಕೆ ಜೇಡಿ ಹೆಚ್ಚಿರುವ ಮಣ್ಣು ಬೇಕು. ಕೆಂಪಾದರೂ ಆದೀತು, ಕರಿದಾದರೂ ಆದೀತು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ. ಅದು ಅರೆಹಸಿ ಇದ್ದಾಗ ರೋಲರ್ ಎಳೆದರೆ ಒಳಗಿನ ಗಾಳಿಯೆಲ್ಲ ಹೊರಬಿದ್ದು ಕಲ್ಲಿನಂತೆ ಕೂರುತ್ತದೆ. ಹುಲ್ಲಿನ ಬೇರು ಅದನ್ನು ಹಿಡಿದಿಡುತ್ತದೆ. ಹೆಚ್ಚು ಹಸಿಯಿದ್ದಾಗ ಎಳೆದರೆ ರೋಲರಿಗೇ ಮೆತ್ತುತ್ತದೆ, ಒಣಗಿದ ಮೇಲೆ ಎಳೆದರೆ ಪುಡಿ ಏಳುತ್ತದೆ. ನಡುವಿನ ಆ ಹೊತ್ತನ್ನು ಹಿಡಿಯುವುದೇ ವಿದ್ಯೆ. "ಹಿಟ್ಟು ನಾದಿದ್ಹಂಗ, ನಿಮ್ಮವ್ವನ್ನ ಕೇಳು" ಎಂದರು ಮುದುಕರು. ನನಗೆ ಅಂದು ಅಲ್ಲಿ ಕಲಿಸಿದವರಲ್ಲಿ ಅವರೇ ದೊಡ್ಡ ಮೇಷ್ಟ್ರು ಅನ್ನಿಸಿತು. ಅವರ ಹೆಸರು ಶಿಬಿರದ ಬ್ಯಾನರಿನಲ್ಲಿ ಇರಲಿಲ್ಲ.

ಬ್ಯಾಟಿಂಗ್ ಸರದಿ ಬಂತು. ಮ್ಯಾಟಿನ ಮೇಲೆ ಚೆಂಡು ಎದ್ದು ಬರುತ್ತದೆ. ಆರಾಮಾಗಿ ಹಿಂಗಾಲಿಗೆ ಸರಿದು ಎದೆಮಟ್ಟದಲ್ಲಿ ಹೊಡೆಯುವುದು ಈ ಹುಡುಗರಿಗೆ ಉಸಿರಾಟದಷ್ಟು ಸಹಜ. ಮೊದಲ ಚೆಂಡಿಗೆ ಅವನು ಹಿಂಗಾಲಿಗೆ ಸರಿದ. ಚೆಂಡು ಏಳಲೇ ಇಲ್ಲ. ಮೊಣಕಾಲ ಕೆಳಗಿನಿಂದ ಜಾರಿ ಮಧ್ಯದ ಗೂಟಕ್ಕೆ ಹೋಯಿತು. ಎರಡನೆಯದು ಹೇಗೋ ತಾಗಿತು. ಮೂರನೆಯದು ಮತ್ತೆ ಗೂಟಕ್ಕೆ. ಬೆಂಗಳೂರಿನಿಂದ ಬಂದಿದ್ದ ತರಬೇತುದಾರ ಯುವಕ ಒಳ್ಳೆಯವನೇ, ಸಿಟ್ಟು ಮಾಡಲಿಲ್ಲ. "ಲೇಟಾಗಿ ಆಡು, ಲೇಟಾಗಿ" ಎಂದ. ಹುಡುಗ ಗಾಬರಿಯಾಗಿ ನೋಡಿದ. "ಆಗ್ಲೇ ತಡಾ ಆಗಿ ಬೌಲ್ಡ್ ಆಗಾಕತ್ತೀನಲ್ರಿ ಸರ್!" ಬಲೆಯ ಹೊರಗಿದ್ದವರೆಲ್ಲ ನಕ್ಕರು. ಚೆಂಡು ಬರುವ ತನಕ ಕಾಯಬೇಕು, ಮೊದಲೇ ಬ್ಯಾಟು ಬೀಸಬಾರದು ಎಂಬುದನ್ನು ಆ ಒಂದು ಶಬ್ದದಲ್ಲಿ ಅಡಗಿಸಿ ಹೇಳಿದರೆ ಅದು ಇಬ್ರಾಹಿಂಪುರದ ತನಕ ಬರುವುದಿಲ್ಲ. ಅವನ ಪಾಳಿ ಹನ್ನೆರಡು ಚೆಂಡಿಗೆ ಮುಗಿಯಿತು. ಮುಂದಿನವ ಪ್ಯಾಡ್ ಕಟ್ಟಿ ನಿಂತಿದ್ದ.

ಓಟದಲ್ಲಿ ಮಾತ್ರ ಅವನು ಎಲ್ಲರ ಬಾಯಿ ಮುಚ್ಚಿಸಿದ. ಇಪ್ಪತ್ತು ಮೀಟರ್ ಹೋಗಿ ಬರುವ, ಬೀಪ್ ಸದ್ದಿನ ವೇಗ ಏರುತ್ತ ಹೋಗುವ ಯೋಯೋ ಪರೀಕ್ಷೆಯಲ್ಲಿ ಕೊನೆಗೆ ಉಳಿದ ಮೂವರಲ್ಲಿ ಇವನೂ ಒಬ್ಬ. ವಿಜಯಪುರ ಸೈಕಲ್ ಓಟಗಾರರ ಊರು. ಸೊಲ್ಲಾಪುರ ರಸ್ತೆಯಲ್ಲಿ ನಸುಕಿಗೇ ಸಾಲು ಸಾಲಾಗಿ ಬಾಗಿ ಹೊಡೆಯುವ ಹುಡುಗರನ್ನು ನೋಡುತ್ತ ಬೆಳೆದವರಿಗೆ ಉಸಿರು ಸಣ್ಣದಿರುವುದಿಲ್ಲ. ಆ ಬಿಸಿಲಿನಲ್ಲಿ ದಿನಾ ಮ್ಯಾಟ್ ಜಗ್ಗಿದ್ದೂ ಸೇರಿರಬೇಕು.

ಮೊದಲ ರಾತ್ರಿ ನನ್ನನ್ನೂ ಹಾಸ್ಟೆಲಿನಲ್ಲಿ ಉಳಿಯಲು ಬಿಟ್ಟರು. ರೊಟ್ಟಿಯ ಗಂಟು ಬಿಚ್ಚಿದಾಗ ಕಾರವಾರದ ಹುಡುಗನೊಬ್ಬ ಕಟಕ ರೊಟ್ಟಿಯನ್ನು ಎತ್ತಿ ಹಪ್ಪಳವೇ ಎಂದು ಕೇಳಿದ. ಹತ್ತು ನಿಮಿಷದಲ್ಲಿ ಹದಿನೆಂಟು ರೊಟ್ಟಿ ಖಾಲಿ. ಬೆಳಗಾವಿಯ ಹುಡುಗನೊಬ್ಬ ಹೋದ ವರ್ಷ ಹದಿನಾರರ ಒಳಗಿನವರ ಆಯ್ಕೆಯಲ್ಲಿ ಮುಂದಿನ ಹಂತದ ತನಕ ಹೋಗಿದ್ದ. ಅಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡುತ್ತಾರೆಂದು ಹೇಳಿದ. ನಿಜವೇ. ಟಿಡಬ್ಲ್ಯು3 ಎಂಬ ಆ ಪದ್ಧತಿಯಲ್ಲಿ ಮಣಿಕಟ್ಟಿನ ಎಲುಬುಗಳು ಎಷ್ಟು ಬೆಳೆದು ಕೂಡಿಕೊಂಡಿವೆ ಎಂಬುದರ ಮೇಲೆ ವಯಸ್ಸು ಎಣಿಸುತ್ತಾರೆ. ಜನ್ಮದಿನಾಂಕ ತಿದ್ದಿ ಆಡಿಸುವವರ ಕಾಟಕ್ಕೆ ಭಾರತೀಯ ಕ್ರಿಕೆಟ್ ಮಂಡಳಿ ತಂದ ಉಪಾಯ. ದೀಪ ಆರಿದ ಮೇಲೆ ಪಕ್ಕದ ಹಾಸಿಗೆಯಿಂದ ಪಿಸುಮಾತು ಬಂತು.

"ಮಾಮಾ, ನಮ್ ಎಲುಬಿಗೆ ನಮ್ಮ ವಯಸ್ಸಿಗಿಂತ ಜಾಸ್ತಿ ವಯಸ್ಸಾಗಿದ್ರ?"

"ಯಾಕಾಗತದೋ, ಮಲ್ಕೋ."

"ನಂಗ್ ಮೀಸಿ ಬರಾಕತ್ತೈತಿ."

ಮುಸುಕಿನೊಳಗೆ ಅವನು ಎಡಗೈ ಮಣಿಕಟ್ಟನ್ನು ಬಲಗೈಯಿಂದ ಹಿಚುಕಿ ನೋಡಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ಮೊಬೈಲ್ ಹೊತ್ತಿಕೊಂಡಿತು. ಅವ್ವನ ಕರೆ. "ಆತು... ಉಂಡೆ... ಹೂಂ, ಉಂಡೆ ಅಂದ್ನೆಲ್ಲ... ರೊಟ್ಟಿ ಅದಾವ." ಎರಡು ಬೌಲ್ಡ್ ಬಗ್ಗೆ ಒಂದು ಮಾತೂ ಇಲ್ಲ. ರೊಟ್ಟಿ ಇದ್ದದ್ದೂ ಹನ್ನೆರಡೇ.

ಮರುದಿನ ಧಾರವಾಡಕ್ಕೆ ಹೊರಟವನು ದಾರಿಯುದ್ದಕ್ಕೂ ಧೋನಿಯನ್ನು ನೆನೆಯುತ್ತಿದ್ದೆ. 2002ರಲ್ಲಿ ಕ್ರಿಕೆಟ್ ಮಂಡಳಿ ಪ್ರತಿಭೆ ಹುಡುಕಲೆಂದೇ ಒಂದು ವಿಭಾಗ ಕಟ್ಟಿತು. ಹಳೆಯ ಆಟಗಾರರನ್ನು ಸಣ್ಣ ಊರುಗಳ ಪಂದ್ಯ ನೋಡಲು ಕಳಿಸಿತು. ಹಾಗೆ ಹೋದ ಪ್ರಕಾಶ್ ಪೋದ್ದಾರ್ 2003ರಲ್ಲಿ ಜಮ್‌ಶೆಡ್‌ಪುರದಲ್ಲಿ ಧೋನಿಯನ್ನು ಕಂಡು ಬರೆದುಕೊಂಡರು. ಆ ಕಥೆಯನ್ನು ಎಲ್ಲರೂ ಧೋನಿಯ ಕಡೆಯಿಂದ ಹೇಳುತ್ತಾರೆ. ನನಗೆ ಅದರಲ್ಲಿ ಹಿಡಿಸುವುದು ಪೋದ್ದಾರರ ಪ್ರಯಾಣ. ನೋಡುವವನು ಹುಡುಗ ಇದ್ದಲ್ಲಿಗೆ ಹೋದ. ಹುಡುಗ ತನ್ನ ಬೂಟಿನಲ್ಲಿ, ತನಗೆ ಗೊತ್ತಿದ್ದ ನೆಲದ ಮೇಲೆ ಆಡುತ್ತಿದ್ದ. ಆ ವಿಭಾಗ ಈಗಿಲ್ಲ. ಈಗ ಕಿಟ್ ಬ್ಯಾಗ್ ಹೊತ್ತವರೇ ನೋಡುವವರ ಬಳಿಗೆ ಹೋಗುತ್ತಾರೆ, ಕಡ ತಂದ ಬೂಟಿನಲ್ಲಿ, ಹನ್ನೆರಡು ಚೆಂಡಿಗೆ. ಇಬ್ರಾಹಿಂಪುರಕ್ಕೆ ಒಬ್ಬ ಪೋದ್ದಾರರು ಬಂದು ಆ ಟಿಕೋಟಾದ ಹುಡುಗಿಯನ್ನು ಅವಳ ಭಾರದ ಚೆಂಡಿನಲ್ಲೇ ನೋಡಿದ್ದರೆ ಹಾಳೆಯಲ್ಲಿ ಏನು ಬರೆಯುತ್ತಿದ್ದರು? ಹಾಗೆಂದು ಹೊರಟು ನಿಲ್ಲುವುದೇ ತಪ್ಪು ಎನ್ನಲಾರೆ. ರಾಜೇಶ್ವರಿ ಹೊರಟು ನಿಂತದ್ದಕ್ಕೇ ಡರ್ಬಿ ಮುಟ್ಟಿದಳು. ಕರ್ನಾಟಕಕ್ಕೆ ಆಡಿ ಆಮೇಲೆ ರೈಲ್ವೇಸ್ ತಂಡ ಸೇರಿದಳು.

ಹತ್ತನೇ ದಿನ ಮತ್ತೆ ಹೋದೆ. ಹುಡುಗ ಕಪ್ಪಾಗಿದ್ದ. ಬೂಟಿನೊಳಗಿನ ಪೇಪರ್ ಮುದ್ದೆ ಹೋಗಿ ಅಲ್ಲಿ ಯಾರೋ ಕೊಟ್ಟ ಸ್ಪಂಜು ಬಂದಿತ್ತು. ಸಮಾರಂಭ, ಭಾಷಣ, ಪ್ರಮಾಣಪತ್ರ. ಮುಂದಿನ ಹಂತಕ್ಕೆ ಹದಿನಾಲ್ಕು ಹೆಸರು ಓದಿದರು, ಇವನದಿಲ್ಲ. ಆಮೇಲೆ ಸ್ಟ್ಯಾಂಡ್‌ಬೈ ಎಂದು ಮೂರು. ಮೂರನೆಯದು ಇವನದು. ಗಾಡಿಯಲ್ಲಿ ಕೂತ ಮೇಲೆ ಕೇಳಿದ, "ಸ್ಟ್ಯಾಂಡ್‌ಬೈ ಅಂದ್ರ ಆಗೇತಿ ಅಂತ ಹೇಳ್ಬೇಕೋ, ಆಗಿಲ್ಲ ಅಂತ ಹೇಳ್ಬೇಕೋ?" ಟಿಕೇಟ್ ವೇಟಿಂಗ್ ಲಿಸ್ಟಿನಲ್ಲಿದ್ದ ಹಾಗೆ ಎಂದೆ. ಅವನಿಗೆ ತಕ್ಷಣ ತಿಳಿಯಿತು. ಹೊಳೆಆಲೂರು ದಾಟುವಾಗ ನಿದ್ದೆ ಹೋಗಿದ್ದ, ತಲೆ ಕಿಟ್ ಬ್ಯಾಗಿನ ಮೇಲೆ.

ಮೇ ತಿಂಗಳ ಕೊನೆಗೆ, ಒಂದೆರಡು ಅಡ್ಡಮಳೆ ಬಿದ್ದ ಮೇಲೆ, ಮತ್ತೆ ಇಬ್ರಾಹಿಂಪುರಕ್ಕೆ ಹೋಗುವ ಕೆಲಸ ಬಂತು. ತಂಗಿ ಬಾಗಿಲಲ್ಲೇ ಶುರುಮಾಡಿದಳು: "ನೋಡಣ್ಣಾ, ನಳ ಬರೂದು ವಾರಕ್ಕ ಒಮ್ಮಿ. ಇವ್ರು ಕೊಡ ಕೊಡ ಹೊತ್ಕೊಂಡು ಹೋಗಿ ನೆಲಕ್ಕ ಸುರೀತಾವ." ಬಯಲಿಗೆ ಹೋಗಿ ನೋಡಿದೆ. ಮ್ಯಾಟು ಮಗ್ಗುಲಿಗೆ ಸುತ್ತಿಟ್ಟಿತ್ತು. ಬಬಲೇಶ್ವರದ ಹುಡುಗನೊಬ್ಬ ತಮ್ಮ ಹೊಲದಿಂದ ಟಂಟಂನಲ್ಲಿ ಎಂಟು ಚೀಲ ಎರೆ ಮಣ್ಣು ತಂದಿದ್ದ. ಅದನ್ನು ಜರಡಿ ಹಿಡಿದು, ಹಾಸಿ, ನೀರು ಕುಡಿಸಿ, ಡಾಂಬರು ಡ್ರಮ್ಮಿಗೆ ಉಸುಕು ತುಂಬಿ ಅದನ್ನೇ ರೋಲರ್ ಮಾಡಿ ಎಳೆದಿದ್ದರು. ಇಡೀ ಇಪ್ಪತ್ತೆರಡು ಗಜಕ್ಕೆ ಮಣ್ಣೂ ಸಾಲದು, ನೀರೂ ಸಾಲದು. ಚೆಂಡು ಬೀಳುವಷ್ಟು ಜಾಗ, ಬ್ಯಾಟ್ ಮಾಡುವವನ ಮುಂದೆ ನಾಲ್ಕು ಗಜ ಉದ್ದ, ಎರಡು ಗಜ ಅಗಲ. ಆಗಲೇ ಅದರ ತುಂಬ ಕೂದಲೆಳೆಯಂಥ ಬಿರುಕು.

"ಮೊದಲ್ನೇದ ಹಸಿ ಇದ್ದಾಗ ಎಳದ್ವಿ ಮಾಮಾ, ಡ್ರಮ್ಮಿಗಿ ಹತ್ತಿ ಎದ್ದು ಬಂತು. ಇದು ಎರಡ್ನೇದು."

ಟಿಕೋಟಾದ ಹುಡುಗಿ ಮೂರು ಹೆಜ್ಜೆ ಬಂದು ಎಡಗೈ ತಿರುಗಿಸಿದಳು. ಚೆಂಡು ಆ ಕರಿ ತುಂಡಿನ ಮೇಲೆ ಬಿದ್ದು, ಸ್ವಲ್ಪ ಹೊರಳಿ, ಏಳದೆ, ನೆಲ ಹಿಡಿದು ಬಂತು. ನನ್ನ ಅಳಿಯ ಮುಂಗಾಲು ಚಾಚಿದ. ಬ್ಯಾಟು ಎತ್ತಿಕೊಂಡೇ ಇದ್ದ, ಎತ್ತಿಕೊಂಡೇ ಇದ್ದ, ಇನ್ನೇನು ಪ್ಯಾಡಿಗೆ ಬಡಿಯಿತು ಅನ್ನುವಾಗ ಇಳಿಸಿದ. ಟಕ್. ಚೆಂಡು ಅವನ ಕಾಲ ಬುಡದಲ್ಲೇ ಸತ್ತು ಬಿತ್ತು.

"ತಡಾ ಆತು" ಎಂದಳು ಅವಳು, ಚೆಂಡು ಎತ್ತಿಕೊಳ್ಳುತ್ತ.

"ಬೇಕಂತ" ಎಂದ ಅವನು.